ಮೀನು ಆರಾಮ, ಸೀಗಡಿ ಸಾವು: ಹುಬ್ಬಳ್ಳಿಯ ಒಂದು ಉಪ್ಪುನೀರಿನ ತೊಟ್ಟಿಯ ಪ್ರಕರಣ

ಇದು ಹುಬ್ಬಳ್ಳಿ ಮತ್ತು ಧಾರವಾಡದ ನಡುವಿನ ಒಂದು ಬಡಾವಣೆಯ ಮನೆಯಲ್ಲಿ ನಡೆದದ್ದು. ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು ಬೇಡ ಅಂದರು. ಹಾಗಾಗಿ ಸಮುದ್ರದ ಮೀನು, ಹವಳ ಸಾಕುವ ಆ ತೊಟ್ಟಿಯ ಯಜಮಾನನನ್ನು ಗೆಳೆಯ ಅಂತಲೂ, ಅವನ ತಾಯಿಯನ್ನು ಅವ್ವ ಅಂತಲೂ ಕರೆಯುತ್ತೇನೆ. ಗುರುತು ಸಿಗದಿರಲಿ ಅಂತ ಒಂದೆರಡು ಸಣ್ಣ ವಿವರ ಬದಲಾಯಿಸಿದ್ದೇನೆ. ಅಳತೆಗಳು, ಯಾವುದು ಯಾವಾಗ ಸತ್ತಿತು ಅನ್ನೋದು, ನಾವು ಮಾಡಿದ ತಪ್ಪುಗಳು ಇದ್ದ ಹಾಗೇ ಇವೆ. ಆ ತಪ್ಪುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ನನ್ನದು.

ತೊಟ್ಟಿ ಹೇಗಿತ್ತು

ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಗಾಜಿನ ತೊಟ್ಟಿ. ಕೆಳಗೆ ಮರದ ಕಪಾಟಿನಲ್ಲಿ ಫಿಲ್ಟರಿನ ಸಂಪು, ಅಂದರೆ ತೊಟ್ಟಿಯ ನೀರು ಸುತ್ತಿ ಬರುವ ಗಾಜಿನ ಪೆಟ್ಟಿಗೆ. ಕಲ್ಲು, ಮರಳು ಕಳೆದರೆ ಒಟ್ಟು ಸುಮಾರು 150 ಲೀಟರ್ ನೀರು. ಹಾಲಿನಲ್ಲಿ ಟಿವಿ ಪಕ್ಕ ಅದರ ಜಾಗ, ಅಡುಗೆಮನೆ ಬಾಗಿಲಿನಿಂದ ನಾಲ್ಕು ಹೆಜ್ಜೆ. ಈ ನಾಲ್ಕು ಹೆಜ್ಜೆ ನೆನಪಿಟ್ಟುಕೊಳ್ಳಿ.

ಒಳಗೆ ಎರಡು ಕ್ಲೌನ್ ಮೀನು, ಮರಳಿನಲ್ಲಿ ಬಿಲ ತೋಡುವ ಒಂದು ಗೋಬಿ (ಮಂಚೂರಿ ಅಲ್ಲ, ಮೀನು), ಕೆಂಪು ಬೆನ್ನಿನ ಮೇಲೆ ಬಿಳಿ ಪಟ್ಟೆಯ ಎರಡು ಕ್ಲೀನರ್ ಸೀಗಡಿ, ಎಂಟು ಬಸವನಹುಳು, ಖಾಲಿ ಚಿಪ್ಪಿನಲ್ಲಿ ಮನೆ ಮಾಡುವ ಐದು ಹರ್ಮಿಟ್ ಏಡಿ. ಹವಳದಲ್ಲಿ ಲೆದರ್, ಮಶ್ರೂಮ್, ಜೊವಾಂತಸ್. ಎಲ್ಲವೂ ಜೀವ ಇರುವ, ಕಲ್ಲಿನ ಗೂಡು ಕಟ್ಟದ ಮೆತ್ತನೆ ಹವಳಗಳೇ.

ಕಲ್ಲು ಹವಳ ಯಾಕಿಲ್ಲ ಅಂತ ಹೊಸಬರು ಕೇಳುತ್ತಾರೆ. ನಮ್ಮ ದೇಶದಲ್ಲಿ ಬಂಡೆ ಕಟ್ಟುವ ಕಲ್ಲು ಹವಳ, ಕಪ್ಪು ಹವಳ, ಬೆಂಕಿ ಹವಳ, ಸಮುದ್ರ ಬೀಸಣಿಗೆ ಎಲ್ಲ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ. ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ ಇದೆ. ಯಾರೋ ಮಾರುತ್ತಾರೆ ಅಂತ ತರುವ ಹಾಗಿಲ್ಲ. ಮುರ್ಡೇಶ್ವರದ ಹತ್ತಿರ ನೇತ್ರಾಣಿಯಲ್ಲಿ ನೀರಿಗಿಳಿದು ನೋಡಿ, ಕಣ್ಣು ತುಂಬಿಸಿಕೊಂಡು ಬನ್ನಿ ಅಷ್ಟೇ. ಗೆಳೆಯ ಈ ವಿಷಯದಲ್ಲಿ ಬಲು ಕಟ್ಟುನಿಟ್ಟು. ಅವನ ತೊಟ್ಟಿಯ ಬಂಡೆ ಕೂಡ ಸಿಮೆಂಟಿಗೆ ಚಿಪ್ಪಿನ ಚೂರು ಬೆರೆಸಿ ಎರಕ ಹೊಯ್ದದ್ದು.

ನೀರಿನ ಲೆಕ್ಕವೂ ಅಷ್ಟೇ ಕಟ್ಟುನಿಟ್ಟು. ಶುರುವಿನಲ್ಲಿ ಕಾರವಾರದಿಂದ ಕ್ಯಾನಿನಲ್ಲಿ ಸಮುದ್ರದ ನೀರು ತರೋಣ ಅಂದಿದ್ದ, ನಾನೇ ಬೇಡ ಅಂದೆ. ದಡದ ನೀರಿನಲ್ಲಿ ದೋಣಿಯ ಎಣ್ಣೆ, ಕೆಸರು, ಮಳೆಗಾಲದಲ್ಲಿ ಕಾಳಿ ನದಿಯ ಸಿಹಿನೀರು ಎಲ್ಲ ಕಲೆತಿರುತ್ತೆ. ನಮ್ಮಲ್ಲಿ ನಲ್ಲಿ ನೀರು ಬಿಡೋದು ಕೆಲವು ದಿನಕ್ಕೊಮ್ಮೆ. ಬಂದಾಗ ಮನೆಯ ನೆಲದ ಸಂಪು ತುಂಬಿಸಿ, ಆರ್‌ಓ ಮಾಡಿ, ಮೆಟ್ಟಿಲ ಕೆಳಗಿನ ನೀಲಿ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಶೇಖರಿಸುತ್ತಿದ್ದ. ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ ಅಕ್ವೇರಿಯಂ ಉಪ್ಪು ಬೆರೆಸುತ್ತಿದ್ದ. ಎರಡು ವರ್ಷ ತೊಟ್ಟಿ ಬಂಗಾರದಂಗಿತ್ತು.

ಏನಾಯಿತು

ಫೆಬ್ರವರಿ ಕೊನೆಗೆ ಗೆಳೆಯನಿಗೆ ಕೆಲಸದ ಮೇಲೆ ಬೆಂಗಳೂರು ಓಡಾಟ ಶುರುವಾಯಿತು. ಸೋಮವಾರ ಹೋದರೆ ಶುಕ್ರವಾರ ರಾತ್ರಿ ವಾಪಸ್. ವಾರದ ನಡುವೆ ಮೀನಿಗೆ ಊಟ ಹಾಕೋದು, ಆವಿಯಾದಷ್ಟು ನೀರು ತುಂಬೋದು ಅವ್ವನ ಪಾಲಿಗೆ ಬಂತು. ಸಂಪಿನ ಗಾಜಿನ ಮೇಲೆ ಕೆಂಪು ಟೇಪು ಹಚ್ಚಿ, 'ಇಲ್ಲೀತನಕ ಸಿಹಿನೀರು ಹಾಕು' ಅಂತ ತೋರಿಸಿ ಹೋಗಿದ್ದ. ಆವಿಯಾಗೋದು ನೀರು ಮಾತ್ರ, ಉಪ್ಪು ಒಳಗೇ ಉಳಿಯುತ್ತೆ. ಅದಕ್ಕೇ ತುಂಬುವಾಗ ಉಪ್ಪಿಲ್ಲದ ನೀರು. ಅವ್ವ ಒಂದು ದಿನವೂ ತಪ್ಪಿಸಲಿಲ್ಲ. ಟೇಪಿನ ಗೆರೆಗೆ ನೀರು ಕೂದಲೆಳೆ ಆಚೀಚೆ ಆಗಲಿಲ್ಲ.

ಮಾರ್ಚ್ ಮಧ್ಯದಲ್ಲಿ ಬಸವನಹುಳು ಗಾಜು ಹತ್ತೋದು ನಿಲ್ಲಿಸಿದವು. ಮರಳಿನ ಮೇಲೆ ಅಂಗಾತ ಬೀಳುತ್ತಿದ್ದವು, ತಿರುಗಿಸಿ ಇಟ್ಟರೂ ಮತ್ತೆ ಹಾಗೇ. ಒಂದು ವಾರದಲ್ಲಿ ಐದು ಸತ್ತವು. ವಯಸ್ಸಾಗಿರಬೇಕು ಅಂದ ಗೆಳೆಯ.

ಮಾರ್ಚ್ ಕೊನೆಗೆ ಅವ್ವ ಫೋನ್ ಮಾಡಿದರಂತೆ, 'ಸೀಗಡಿ ಸತ್ತೈತಿ' ಅಂತ. ಶುಕ್ರವಾರ ಬಂದು ನೋಡಿದರೆ ಅದು ಬರೀ ಪೊರೆ. ಸೀಗಡಿ ಬೆಳೆಯುವಾಗ ಹಳೇ ಚಿಪ್ಪು ಕಳಚಿ ಬಿಡುತ್ತೆ. ಮೀಸೆಸಮೇತ ಇಡೀ ಸೀಗಡಿಯ ಹಾಗೇ ಕಾಣುತ್ತೆ. ಬೆಳಕಿಗೆ ಹಿಡಿದರೆ ಗಾಜಿನ ಹಾಳೆಯಂತೆ ಪಾರದರ್ಶಕ, ಒಳಗೆ ಏನೂ ಇರಲ್ಲ. ಎಲ್ಲರೂ ನಕ್ಕರು. ಮೂರು ದಿನಕ್ಕೆ ಎರಡೂ ಸೀಗಡಿ ನಿಜವಾಗಿಯೇ ಸತ್ತವು. ಆಗ ನನಗೆ ಕರೆ ಬಂತು.

ನಾನು ಏನು ಮಾಡಿದೆ

ಏಪ್ರಿಲ್ ಮೊದಲ ಭಾನುವಾರ ಹೋದೆ. ಉಪ್ಪಿನ ಪ್ರಮಾಣ 35, ಸರಿ ಇತ್ತು. ಅಮೋನಿಯ ಇಲ್ಲ. ನೈಟ್ರೇಟ್ ಸಾಧಾರಣ. ಕ್ಷಾರ, ಕ್ಯಾಲ್ಸಿಯಂ ಎಲ್ಲ ಇರಬೇಕಾದ ಕಡೆ ಇದ್ದವು. ಉಷ್ಣಾಂಶ ಮಾತ್ರ 30.5 ಡಿಗ್ರಿ. ಹವಳಕ್ಕೆ 24ರಿಂದ 27 ಒಳ್ಳೇದು. ಹೊರಗೆ ಬಿಸಿಲು ಹೊಡೆಯುತ್ತಿತ್ತು. ನನಗೆ ಬೇರೇನೂ ಬೇಕಾಗಲಿಲ್ಲ. 'ಬಿಸಿಲಿನ ಝಳ' ಅಂತ ತೀರ್ಪು ಕೊಟ್ಟೆ.

ನೀರಿನ ಮೇಲೆ ಬೀಸುವ ಹಾಗೆ ಎರಡು ಸಣ್ಣ ಫ್ಯಾನ್ ಕಟ್ಟಿಸಿದೆ. ನಮ್ಮ ಒಣ ಬೇಸಿಗೆಯಲ್ಲಿ ಇದು ಬಹಳ ಚೆನ್ನಾಗಿ ಕೆಲಸ ಮಾಡುತ್ತೆ. ಮಣ್ಣಿನ ಹರವಿಯಲ್ಲಿ ನೀರು ತಣ್ಣಗಾಗುವ ಲೆಕ್ಕವೇ ಇದು, ಆವಿಯಾಗುವ ನೀರು ಬಿಸಿಯನ್ನೂ ಹೊತ್ತೊಯ್ಯುತ್ತೆ. ಎರಡು ದಿನದಲ್ಲಿ 27ಕ್ಕೆ ಇಳಿಯಿತು. ದಿನಕ್ಕೆ ಒಂದೂವರೆ ಲೀಟರ್ ಆವಿಯಾಗುತ್ತಿದ್ದದ್ದು ನಾಲ್ಕು ಲೀಟರಿಗೆ ಏರಿತು. ಅವ್ವನಿಗೆ ಕೆಲಸ ಜಾಸ್ತಿ ಆಯಿತು, ಪಾಪ, ಅಷ್ಟೇ ಅಂದುಕೊಂಡೆವು.

ಉಷ್ಣಾಂಶ ಸರಿಹೋಯಿತು. ತೊಟ್ಟಿ ಇನ್ನೂ ಹದಗೆಟ್ಟಿತು.

ಲೆದರ್ ಹವಳ ಮುದುಡಿ ಮೇಲೆ ಮೇಣದಂಥ ಪೊರೆ ಬಂತು. ಲೆದರ್ ಆಗಾಗ ಹೀಗೆ ಪೊರೆ ಕಟ್ಟಿ ಕೆಲವು ದಿನಕ್ಕೆ ಉದುರಿಸಿ ಅರಳುತ್ತೆ, ಅದು ಸಹಜ. ಇದು ಉದುರಿಸಲಿಲ್ಲ. ಜೊವಾಂತಸ್ ಗುಂಡಿ ಹಾಕಿದ ಅಂಗಿಯ ಹಾಗೆ ಮುಚ್ಚಿಕೊಂಡಿತು. ಅಂಗೈಯಗಲ ಇದ್ದ ಮಶ್ರೂಮ್ ಒಂದು ರೂಪಾಯಿ ನಾಣ್ಯದಷ್ಟಾಯಿತು. ಏಡಿಗಳು ಒಂದೊಂದಾಗಿ ಚಿಪ್ಪಿನಿಂದ ಹೊರಗೆ ಬಿದ್ದವು. ಮೀನುಗಳು? ದಿನಾ ಮೇಲೆ ಬಂದು ಊಟ ಕೇಳುತ್ತಿದ್ದವು, ಗೋಬಿ ಬಿಲ ತೋಡುತ್ತಿತ್ತು.

ಇಲ್ಲೇ ನಾನು ನಿಂತು ಯೋಚಿಸಬೇಕಿತ್ತು. ನೀರು ಬಿಸಿಯಾಗಿ ಆಮ್ಲಜನಕ ಕಡಿಮೆಯಾದರೆ ಮೊದಲು ಏದುಸಿರು ಬಿಡೋದು ಮೀನು. ಇಲ್ಲಿ ಮೀನು ಗುಂಡುಕಲ್ಲಿನ ಹಾಗಿವೆ, ಬೆನ್ನೆಲುಬಿಲ್ಲದವು ಮಾತ್ರ ಸಾಯುತ್ತಿವೆ. ಬಸವನಹುಳು, ಸೀಗಡಿ, ಏಡಿ, ಆಮೇಲೆ ಹವಳ. ಈ ಸಾಲೇ ಉತ್ತರ ಹೇಳುತ್ತಿತ್ತು. ನಾನು ಥರ್ಮಾಮೀಟರ್ ನೋಡುತ್ತಾ ಕೂತಿದ್ದೆ.

ಮುಂದೆ ನೀರು ಬದಲಿಸಿದೆವು. ಒಂದೇ ಸಲ ನೂರಕ್ಕೆ ಮೂವತ್ತು ಭಾಗ ತೆಗೆದು ಹೊಸದಾಗಿ ಉಪ್ಪು ಬೆರೆಸಿದ ನೀರು ಹಾಕಿದೆವು. ಮೂರನೇ ದಿನ ಜೊವಾಂತಸ್ ಅರ್ಧ ಅರಳಿತು. ಗೆಳೆಯ ಬೆಂಗಳೂರಿನಿಂದ ಫೋಟೋ ತರಿಸಿಕೊಂಡು ಖುಷಿಯಾದ. ಎಂಟನೇ ದಿನ ಮತ್ತೆ ಮುಚ್ಚಿತು. ಮತ್ತೆ ನೀರು ಬದಲಿಸಿದೆವು, ಮತ್ತೆ ಅದೇ ಆಟ. ಹೊಸ ನೀರು ಹಾಕಿದಾಗ ಸುಧಾರಿಸುತ್ತೆ, ದಿನ ಕಳೆದ ಹಾಗೆ ಕೆಡುತ್ತೆ. ಅಂದರೆ ದಿನಾ ಏನೋ ಸೇರುತ್ತಿದೆ. ಇದೂ ನನಗೆ ಆಗ ಹೊಳೆಯಲಿಲ್ಲ.

ಅಡಿಕೆ ತೋಟದಲ್ಲಿ

ಏಪ್ರಿಲ್ ಕೊನೆಗೆ ಹಾನಗಲ್ ಕಡೆ ಮಾವನ ಮನೆಗೆ ಹೋಗಿದ್ದೆ. ಮಳೆಗಾಲಕ್ಕೆ ಮುಂಚೆ ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯಲು ಮೈಲುತುತ್ತ ತಂದಿಟ್ಟಿದ್ದರು. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಮಾತಿಗೆ ಮಾತು ಬಂದು ಮಾವ ಅಂದರು, 'ಡ್ರಮ್ ತೊಳದ ನೀರು ಹಳ್ಳಕ್ಕ ಬಿಡಬ್ಯಾಡಂತ ಹುಡುಗರಿಗೆ ಹೇಳೇನಿ. ಒಮ್ಮೆ ಬಿಟ್ಟಾಗ ಏಡಿ ಎಲ್ಲಾ ಸತ್ತು ತೇಲಿದ್ವು.'

ಕೈಯಲ್ಲಿದ್ದ ಚಹಾ ಕೆಳಗಿಟ್ಟೆ. ಮೈಲುತುತ್ತ ಅಂದರೆ ತಾಮ್ರ.

ಉಪ್ಪುನೀರಿನ ಮೀನಿಗೆ ಬಿಳಿಚುಕ್ಕೆ ರೋಗ ಬಂದರೆ ಬೇರೆ ತೊಟ್ಟಿಯಲ್ಲಿಟ್ಟು ತಾಮ್ರದ ಔಷಧ ಕೊಡೋದುಂಟು. ಲೀಟರಿಗೆ 0.15ರಿಂದ 0.2 ಮಿಲಿಗ್ರಾಂ ತಾಮ್ರವನ್ನು ಮೀನು ವಾರಗಟ್ಟಲೆ ತಡೆದುಕೊಳ್ಳುತ್ತೆ. ಅದರ ಕಾಲು ಭಾಗವೂ ಸೀಗಡಿ, ಬಸವನಹುಳುವಿಗೆ ಜಾಸ್ತಿ. ತಮಾಷೆ ಅಂದರೆ ಸೀಗಡಿಯ ರಕ್ತ ಆಮ್ಲಜನಕ ಹೊರುವುದೇ ತಾಮ್ರದ ಬಲದಿಂದ, ನಮ್ಮದು ಕಬ್ಬಿಣದಿಂದ ಹೊತ್ತ ಹಾಗೆ. ಆದರೂ ನೀರಿನಲ್ಲಿ ಸ್ವಲ್ಪ ಹೆಚ್ಚಾದರೆ ಕಿವಿರು ಕೆಡುತ್ತೆ. ಹವಳದ ಮೈಯೊಳಗೆ ಅದಕ್ಕೆ ಅನ್ನ ಹಾಕುವ ಪಾಚಿ ಇರುತ್ತೆ. ತಾಮ್ರ ಪಾಚಿಗೂ ವಿಷ.

ತಾಮ್ರ ಅಳೆಯುವ ಕಿಟ್ ಹುಬ್ಬಳ್ಳಿಯಲ್ಲಿ ಸಿಗಲಿಲ್ಲ, ಕೊರಿಯರ್‌ನಲ್ಲಿ ತರಿಸಿದೆವು. ತೊಟ್ಟಿಯ ನೀರು ಲೀಟರಿಗೆ 0.1 ಮಿಲಿಗ್ರಾಂ ತೋರಿಸಿತು.

ಈಗ ತಾಮ್ರ ಬಂದದ್ದೆಲ್ಲಿಂದ? ಮಾರ್ಚ್ ಶುರುವಿನಲ್ಲಿ ಕ್ಲೌನ್ ಮೀನಿನ ಮೇಲೆ ಒಂದು ಚುಕ್ಕೆ ಕಂಡು ಗೆಳೆಯ ಅಂಗಡಿಯಿಂದ ಒಂದು ಬಾಟಲಿ ತಂದು ನಾಲ್ಕು ದಿನ ಹನಿ ಹಾಕಿದ್ದ. ಹವಳಕ್ಕೆ ಏನೂ ಆಗಲ್ಲ ಅಂತ ಅಂಗಡಿಯವರು ಹೇಳಿದ್ದರು. ಒಳಗೆ ಏನಿದೆ ಅಂತ ಬಾಟಲಿ ಮೇಲೆ ಬರೆದಿರಲಿಲ್ಲ. ಸಿಕ್ಕಿತು ಅಂದುಕೊಂಡೆವು. ಗೆಳೆಯ ಅಂಗಡಿಯವರಿಗೆ ಫೋನ್ ಮಾಡಿ ಬಾಯಿಗೆ ಬಂದ ಹಾಗೆ ಅಂದುಬಿಟ್ಟ. ಪಕ್ಕದಲ್ಲಿ ಕೂತು ನಾನೂ ಎರಡು ಮಾತು ಸೇರಿಸಿದೆ. ಆ ಮನುಷ್ಯ ಒಂದೇ ಮಾತು ಹೇಳಿದರು. 'ಬಾಟ್ಲಿ ಇನ್ನೂ ಐತಲ್ರೀ ನಿಮ್ಮ ಹತ್ರ? ಅದನ್ನ ಟೆಸ್ಟ್ ಮಾಡ್ರಿ, ಆಮ್ಯಾಲೆ ಬೈರಿ.'

ಹೊಸ ಉಪ್ಪುನೀರಿಗೆ ಅದೇ ಬಾಟಲಿಯ ಹನಿ ಹಾಕಿ ಅಳೆದೆವು. ತಾಮ್ರ ಇಲ್ಲ. ಡ್ರಮ್ಮಿನ ನೀರು ಅಳೆದೆವು. ಇಲ್ಲ. ಉಪ್ಪು ಬೆರೆಸಿದ ಹೊಸ ನೀರು, ಅದರಲ್ಲೂ ಇಲ್ಲ. ಪಂಪು ಬಿಚ್ಚಿ ನೋಡಿದೆವು, ಹಿತ್ತಾಳೆಯ ಒಂದು ಸ್ಕ್ರೂ ಕೂಡ ಇರಲಿಲ್ಲ.

ಸಂಜೆ ಆರೂವರೆ

ಮೇ ಮೊದಲ ಶನಿವಾರ ಸಂಜೆ ಅವರ ಹಾಲಿನಲ್ಲಿ ಕೂತಿದ್ದೆವು. ಅವ್ವ ಗಿರ್ಮಿಟ್ ಮಾಡಿ ತಟ್ಟೆಗೆ ಹಾಕಿಕೊಟ್ಟು, ದೇವರಿಗೆ ದೀಪ ಹಚ್ಚಿ ಬಂದರು. ಆಮೇಲೆ ಅಡುಗೆಮನೆಗೆ ಹೋದರು. ಕಟ್ಟೆಯ ಮೇಲಿನ ಹಂಡೆಯ ಮುಚ್ಚಳ ತೆಗೆದ ಸದ್ದು. ನಾಲ್ಕು ಹೆಜ್ಜೆ ಇಟ್ಟು ಬಂದು, ಕಪಾಟಿನ ಬಾಗಿಲು ತೆಗೆದು, ತಂಬಿಗೆಯಿಂದ ಸಣ್ಣಗೆ ಧಾರೆ ಬಿಟ್ಟು ನೀರು ಹೊಯ್ದರು. ಕೆಂಪು ಟೇಪಿನ ಗೆರೆ ಮುಟ್ಟುವ ತನಕ. ತಂಬಿಗೆ ಪಳಪಳ ಅನ್ನುತ್ತಿತ್ತು. ತಾಮ್ರದ್ದು. ಹಂಡೆಯೂ ತಾಮ್ರದ್ದೇ. ವಾರಕ್ಕೊಮ್ಮೆ ಹುಣಸೆಹಣ್ಣು ಹಚ್ಚಿ ಒಳಗೂ ಹೊರಗೂ ತಿಕ್ಕುತ್ತಿದ್ದರು.

ನನ್ನ ಬಾಯಲ್ಲಿ ಚುರುಮುರಿ ಹಾಗೇ ಉಳಿಯಿತು.

ಆಮೇಲೆ ಕೇಳಿ ತಿಳಿದದ್ದು ಇಷ್ಟು. ಮೆಟ್ಟಿಲ ಕೆಳಗಿನ ಡ್ರಮ್ಮಿನಿಂದ ಬಗ್ಗಿ ನೀರು ತುಂಬಿ ತರಲು ಅವ್ವನಿಗೆ ಮೊಣಕಾಲು ನೋವು. ಹೇಗೂ ಅಡುಗೆಮನೆಯಲ್ಲೂ ಅದೇ ಆರ್‌ಓ ನೀರು. ಆ ನೀರು ಸಪ್ಪೆ, ಸತ್ವ ಇಲ್ಲ ಅಂತ ಅವರು ರಾತ್ರಿಯೆಲ್ಲ ತಾಮ್ರದ ಹಂಡೆಯಲ್ಲಿಟ್ಟು ಕುಡಿಯುವವರು. ಅದನ್ನೇ ತೊಟ್ಟಿಗೂ ಹಾಕಿದರು. 'ಮನಷ್ಯಾರಿಗೆ ಚಲೋ ಅಂದಮ್ಯಾಲೆ ಮೀನಿಗೆ ಕೆಟ್ಟದ್ದ ಹೆಂಗಾದೀತು?' ಅಂದರು. ಪ್ರಶ್ನೆ ಸರಿಯಾಗೇ ಇದೆ, ಅಲ್ವಾ?

ಹಂಡೆಯ ನೀರು ಅಳೆದೆವು. ಲೀಟರಿಗೆ 0.2 ಮಿಲಿಗ್ರಾಂ. ಕುಡಿಯೋಕೆ ಇದರಿಂದ ತೊಂದರೆ ಇಲ್ಲ. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಮಿತಿ ಲೀಟರಿಗೆ 2 ಮಿಲಿಗ್ರಾಂ, ಇದು ಅದರ ಹತ್ತನೇ ಒಂದು ಭಾಗ. ಹಂಡೆ ಬಿಸಾಡಿ ಅಂತ ನಾನು ಹೇಳುತ್ತಿಲ್ಲ. ಆದರೆ ತೊಟ್ಟಿಯ ಲೆಕ್ಕವೇ ಬೇರೆ. ನೀರು ಆವಿಯಾಗುತ್ತೆ, ತಾಮ್ರ ಆವಿಯಾಗಲ್ಲ. ದಿನಕ್ಕೆ ನಾಲ್ಕು ಲೀಟರ್ ಅಂದರೆ 0.8 ಮಿಲಿಗ್ರಾಂ ತಾಮ್ರ. ತಿಂಗಳಿಗೆ 24 ಮಿಲಿಗ್ರಾಂ. 150 ಲೀಟರಿಗೆ ಹಂಚಿದರೆ ಲೀಟರಿಗೆ 0.16. ಒಂದಷ್ಟನ್ನು ಕಲ್ಲು, ಮರಳು ಹೀರಿದ್ದವು, ಒಂದಷ್ಟು ನೀರು ಬದಲಿಸಿದಾಗ ಹೊರಗೆ ಹೋಗಿತ್ತು. ಉಳಿದದ್ದು ನಮ್ಮ ಕಿಟ್‌ನಲ್ಲಿ ಕಂಡ 0.1.

ಅದೇ ಫ್ಯಾನ್ ಇಲ್ಲದಾಗ ದಿನಕ್ಕೆ ಒಂದೂವರೆ ಲೀಟರ್, 0.3 ಮಿಲಿಗ್ರಾಂ. ನಾನು ತಂಪು ಮಾಡಲು ಹೋಗಿ ವಿಷದ ಪಾಲನ್ನು ಎರಡೂವರೆ ಪಟ್ಟಿಗೂ ಹೆಚ್ಚು ಮಾಡಿದ್ದೆ.

ಗೆಳೆಯ ಅವ್ವನ ಮೇಲೆ ರೇಗಿದ. ಅದು ತಪ್ಪು ಅಂತ ಅವನಿಗೂ ಆಮೇಲೆ ಅನ್ನಿಸಿತು. 'ಸಿಹಿನೀರು ಹಾಕು' ಅಂದವನು ಯಾವ ಪಾತ್ರೆಯಿಂದ ಅಂತ ಹೇಳಿರಲಿಲ್ಲ. ಒಂದು ತಿಂಗಳು ನಾನೂ ಕೇಳಿರಲಿಲ್ಲ. ಅವ್ವ ಎರಡು ದಿನ ತೊಟ್ಟಿ ಕಡೆ ಮುಖ ಹಾಕಲಿಲ್ಲ.

ಸರಿಮಾಡಿದ್ದು

ಮೂಲ ನಿಲ್ಲಿಸೋದು ಒಂದು ನಿಮಿಷದ ಕೆಲಸ. ಒಳಗೆ ಕೂತ ತಾಮ್ರ ತೆಗೆಯಲು ಮೂರು ತಿಂಗಳು ಹಿಡಿಯಿತು.

ಬದುಕಿದ್ದ ಮಶ್ರೂಮ್, ಅರ್ಧ ಜೊವಾಂತಸ್, ಒಂದೇ ಒಂದು ಏಡಿಯನ್ನು ಹೊಸ ನೀರಿನ ಬೇರೆ ಡಬ್ಬಕ್ಕೆ ಹಾಕಿದೆವು. ಜೊವಾಂತಸ್ ಕೀಳುವಾಗ ಕೈಗವಸು, ಕನ್ನಡಕ ಹಾಕಿಕೊಳ್ಳಿ. ಕೆಲವು ಜಾತಿಗಳಲ್ಲಿ ಪ್ಯಾಲಿಟಾಕ್ಸಿನ್ ಅನ್ನುವ ಭಾರೀ ವಿಷ ಇರುತ್ತೆ. ಅದನ್ನು ಕುದಿಸೋದು, ಬಿಸಿನೀರಲ್ಲಿ ತಿಕ್ಕೋದು ಅಂತೂ ಮಾಡಲೇಬೇಡಿ. ಲೆದರ್ ಉಳಿಯಲಿಲ್ಲ. ಮೀನುಗಳನ್ನು ದೊಡ್ಡ ತೊಟ್ಟಿಯಲ್ಲೇ ಬಿಟ್ಟೆವು.

ವಾರಕ್ಕೆರಡು ಸಲ ಕಾಲುಭಾಗ ನೀರು ಬದಲಿಸಿದೆವು. ಇದ್ದಿಲು ಹಾಕಿದೆವು. ಲೋಹ ಹೀರುವ ಒಂದು ಬಿಳಿ ಪ್ಯಾಡ್ ಸಿಗುತ್ತೆ, ತಾಮ್ರ ಹೀರಿದರೆ ನೀಲಿಗೆ ತಿರುಗುತ್ತೆ. ನಾಲ್ಕನೇ ದಿನ ತೆಗೆದು ನೋಡಿದಾಗ ಮಾವನ ಮನೆಯ ಮೈಲುತುತ್ತದ ಬಣ್ಣವೇ ಅದರ ಅಂಚಿನಲ್ಲಿತ್ತು. ಮೂರು ವಾರಕ್ಕೆ ನೀರಿನಲ್ಲಿ ತಾಮ್ರ ಕಾಣದಾಯಿತು. ಪ್ಯಾಡ್ ಬದಲಿಸೋದು ನಿಲ್ಲಿಸಿದ ಹತ್ತು ದಿನಕ್ಕೆ ಕಿಟ್‌ನಲ್ಲಿ ಮತ್ತೆ ತೆಳುವಾಗಿ ತಾಮ್ರದ ಬಣ್ಣ ಬಂತು.

ಇಲ್ಲಿ ನಮ್ಮಿಬ್ಬರಿಗೆ ಜಗಳ. ಕಲ್ಲು, ಮರಳು ತಾಮ್ರ ಹಿಡಿದು ಮೆಲ್ಲಗೆ ಬಿಡುತ್ತಿವೆ, ಎಲ್ಲ ಎಸೆ ಅಂದೆ ನಾನು. ಮೀನಿನ ಹೊಲಸು ಅರಗಿಸುವ ಬ್ಯಾಕ್ಟೀರಿಯಾ ಎರಡು ವರ್ಷ ಬೆಳೆಸಿದ ಕಲ್ಲು, ಎಸೆದರೆ ಮೀನಿಗೆ ಅಮೋನಿಯ ಏರುತ್ತೆ ಅಂದ ಅವನು. ಎರಡು ಕಲ್ಲನ್ನು ಹೊಸ ಉಪ್ಪುನೀರಿನ ಬಕೆಟ್ಟಿನಲ್ಲಿ, ಒಂದು ಬಟ್ಟಲು ಮರಳನ್ನು ಇನ್ನೊಂದರಲ್ಲಿ ಹತ್ತು ದಿನ ಇಟ್ಟೆವು. ಮರಳಿನ ಬಕೆಟ್ ಚೆನ್ನಾಗಿ ಬಣ್ಣ ತೋರಿಸಿತು, ಕಲ್ಲಿನದು ಕಂಡೂ ಕಾಣದ ಹಾಗೆ. ಮರಳು ಪೂರ್ತಿ ತೆಗೆದೆವು. ಕಲ್ಲು ಉಳಿಸಿಕೊಂಡೆವು, ಪ್ಯಾಡ್ ಮುಂದುವರಿಸಿದೆವು. ಅವನು ಹೇಳಿದ್ದೇ ಸರಿ ಆಯಿತು. ಮರಳಿಲ್ಲದೆ ಗೋಬಿ ಮಾತ್ರ ಒಂದು ತಿಂಗಳು ಮೂಲೆ ಹಿಡಿದು ಕೂತಿತ್ತು.

ಕಿಟ್ ಹೇಳದ್ದನ್ನು ಬಸವನಹುಳು ಹೇಳುತ್ತೆ. ಜೂನ್ ಮಧ್ಯದಲ್ಲಿ ಒಂದನ್ನು ಬಿಟ್ಟೆವು, ಆರನೇ ದಿನ ಸತ್ತಿತು. ಗೊತ್ತಿದ್ದೂ ಬಿಟ್ಟ ಹಾಗಾಯಿತು, ಮನಸ್ಸಿಗೆ ಹಿಡಿಸಲಿಲ್ಲ. ಆಗಸ್ಟ್ ತನಕ ಮತ್ತೊಂದು ಜೀವ ಹಾಕಲಿಲ್ಲ.

ಈಗ ಬೇರೆಯವರ ತೊಟ್ಟಿ ನೋಡಲು ಹೋದರೆ ಕಿಟ್ ತೆಗೆಯುವ ಮುಂಚೆ ಎರಡು ವಿಷಯ ಕೇಳುತ್ತೇನೆ. ಸತ್ತದ್ದು ಯಾವ ಸಾಲಿನಲ್ಲಿ? ದಿನಾ ನೀರು ಹಾಕೋರು ಯಾರು, ಯಾವುದರಿಂದ? ಆಮೇಲೆ ಅವರ ಕೈಯಲ್ಲೇ ಒಮ್ಮೆ ನೀರು ಹಾಕಿಸಿ ಸುಮ್ನೆ ನೋಡುತ್ತೇನೆ. ಗದಗಿನ ಒಂದು ಮನೆಯಲ್ಲಿ ಹೀಗೆ ನೋಡುವಾಗ ಡ್ರಮ್ಮಿನ ನಲ್ಲಿಯೇ ಹಿತ್ತಾಳೆಯದು ಅಂತ ಗೊತ್ತಾಯಿತು. ಅಲ್ಲಿ ಇನ್ನೂ ಏನೂ ಸತ್ತಿರಲಿಲ್ಲ, ಪ್ಲಾಸ್ಟಿಕ್ ನಲ್ಲಿ ಹಾಕಿಸಿ ಬಂದೆ.

ಅಂಗಡಿಯವರ ಹತ್ತಿರ ನಾವಿಬ್ಬರೂ ಹೋಗಿ ತಪ್ಪಾಯಿತು ಅಂದೆವು. ಅವರು ನಕ್ಕು, ಎರಡನೇ ಬಸವನಹುಳುವಿಗೆ ದುಡ್ಡು ತಗೊಳ್ಳಲಿಲ್ಲ.

ಗೆಳೆಯ ತೊಟ್ಟಿಗೆ ತಾನಾಗಿ ನೀರು ತುಂಬುವ ಯಂತ್ರ ಹಾಕಿಸೋಣ ಅಂದ. ಅವ್ವ ಬೇಡ ಅಂದರು. ಕಪಾಟಿನ ಪಕ್ಕ ಸ್ಟೂಲಿನ ಮೇಲೆ ಈಗ ನಲ್ಲಿ ಇರುವ ಒಂದು ಪ್ಲಾಸ್ಟಿಕ್ ಕ್ಯಾನ್ ಇದೆ, ಬಗ್ಗುವ ಕೆಲಸ ಇಲ್ಲ. ಶುಕ್ರವಾರ ಮಗ ತುಂಬಿಸಿಡುತ್ತಾನೆ. ಬೇರೆ ಯಾರೂ ಮುಟ್ಟದ ಹಾಗೆ ಅವ್ವ ಅದಕ್ಕೆ ಹಳದಿ ದಾರ ಕಟ್ಟಿದ್ದಾರೆ. ಆಗಸ್ಟಿನಲ್ಲಿ ಒಂದು ದಿನ ಮಧ್ಯಾಹ್ನ ನನಗೇ ಫೋನ್ ಬಂತು, ಮಗನಿಗೂ ಮುಂಚೆ.

'ನೋಡಾಕ ಬಾ. ಬಸವನಹುಳ ಗ್ಲಾಸ್ ಹತ್ತಾಕತ್ತೈತಿ. ಅರ್ಧ ದಾರಿಗೆ ಬಂದೈತಿ.'